ರಜಿಯಾ ರೀಲು: ಗುಂಯ್ ಒಂದಲ್ಲ, ಎರಡು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಆ ಮೌನ ಕೊನೆಗೂ ಕೇಳಿಸಿತು. ಒಂದೂವರೆ ತಿಂಗಳಿನಿಂದ ಇದಕ್ಕೇ ಕಾದಿದ್ದೆ.

ಕುಂಬಳೆಯ ಗುಜರಿಯಲ್ಲಿ ಸಿಕ್ಕಿದ 35 ಎಂಎಂ ಡಬ್ಬ, ಅದರೊಳಗೆ ಕಮಾಲ್ ಅಮ್ರೋಹಿಯವರ ‘ರಜಿಯಾ ಸುಲ್ತಾನ್’ ಸಿನಿಮಾದ ಒಂದೇ ಒಂದು ರೀಲು. ತೊಳೆದದ್ದು, ಜೋಡಣೆ ಬಿಟ್ಟಲ್ಲಿ ಹೊಸ ಟೇಪ್ ಹಾಕಿದ್ದು, ಪ್ರೊಜೆಕ್ಟರಿನಲ್ಲಿ ಫಿಲ್ಮು ಹಾಯುವ ಗೇಟ್ ಸರಿಮಾಡಿದ್ದು ಎಲ್ಲ ಮುಗಿದಿದೆ. ಬಣ್ಣ ಪೂರ್ತಿ ಗುಲಾಬಿಗೆ ತಿರುಗಿದೆ. ಫಿಲ್ಮು ಕೆಡತೊಡಗಿದರೆ ಬರುವ ಹುಳಿ ವಾಸನೆ ಬಂದಿಲ್ಲ, ಅದೇ ಪುಣ್ಯ. ಕಾಡಿದ್ದು ಶಬ್ದ.

ಈ ರೀಲಿನಲ್ಲಿ ಸಂಗೀತ ನಿರ್ದೇಶಕ ಖಯ್ಯಾಮ್ ಅವರ ‘ಏ ದಿಲ್-ಏ-ನಾದಾನ್’ ಉಂಟು. ಲತಾ ಮಂಗೇಶ್ಕರ್ ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ವಾದ್ಯಗಳೂ ನಿಲ್ಲುತ್ತವೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮತ್ತೆ ಸ್ವರ. ಆ ಜಾಗಗಳಿಂದಲೇ ಹಾಡಿಗೆ ಜೀವ, ಅಲ್ವಾ? ನನ್ನ ಪ್ರೊಜೆಕ್ಟರಿನ ಸೌಂಡ್ ಹೆಡ್‌ನಲ್ಲಿ (ಫಿಲ್ಮಿನ ಬದಿಯ ಶಬ್ದದ ಪಟ್ಟಿಯನ್ನು ಬೆಳಕು ಹಾಯಿಸಿ ಓದುವ ಭಾಗ) ಮಾತ್ರ ಸರಿಯಾಗಿ ಅಲ್ಲೇ ‘ಗುಂಯ್’ ಎಂದು ಬರುತ್ತಿತ್ತು. ಅದೂ ಒಂದೇ ಸಮನೆ ಅಲ್ಲ, ಉಸಿರಾಡಿದ ಹಾಗೆ ಏರುತ್ತ ಇಳಿಯುತ್ತ.

ಅರ್ತಿಂಗ್ ಬದಲಿಸಿದೆ. ಶೀಲ್ಡ್ ವೈರ್ ಹಾಕಿದೆ. ಆಂಪ್ಲಿಫಯರ್ ಬೇರೆ ಇಟ್ಟೆ. ಆ ಬೆಳಕನ್ನು ಕರೆಂಟು ಮಾಡುವ ಸೋಲಾರ್ ಸೆಲ್ ಬದಲಿಸಿದೆ. ಗುಂಯ್ ಹಾಗೇ ಇತ್ತು. ಕಡೆಗೆ, ಹಿಂದೆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ನಮ್ಮೂರಿನ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಸದ್ದನ್ನು ಫೋನಿನಲ್ಲೇ ಕೇಳಿಸಿದೆ. ಅವರು ಕೇಳಿದ್ದು ಒಂದೇ: “ಫಿಲ್ಮು ನಿಲ್ಲಿಸಿ ನೋಡಿದ್ದೀಯಾ ಮಾರಾಯಾ?”

ನೋಡಿರಲಿಲ್ಲ. ಚಿತ್ರದ ದೀಪ ಆರಿಸಿ, ಶಬ್ದದ ಪಟ್ಟಿಗೆ ಬೆಳಕು ಕೊಡುವ ಎಕ್ಸೈಟರ್ ಲ್ಯಾಂಪ್ ಮಾತ್ರ ಇಟ್ಟು, ಮೋಟಾರ್ ನಿಲ್ಲಿಸಿದೆ. ಏರಿಳಿತ ಮಾಯ. ಗುಂಯ್ ಮಾತ್ರ ಉಳಿಯಿತು, ನೇರ ಗೆರೆ ಎಳೆದ ಹಾಗೆ. ಆಗ ಹೊಳೆಯಿತು, ಇಲ್ಲಿರುವುದು ಎರಡು ಸದ್ದು.

ಕರೆಂಟು 50 ಹರ್ಟ್ಸ್, ರೆಕ್ಟಿಫಯರ್ ದಾಟಿದ ಮೇಲೆ ಈ ಎಕ್ಸೈಟರ್ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಫ್ರೇಮಿಗೆ ಅಂಚಿನಲ್ಲಿ ನಾಲ್ಕು ತೂತು, ಅಂದರೆ ಸೆಕೆಂಡಿಗೆ 96 ತೂತು. ಹತ್ತಿರ ಹತ್ತಿರದ ಎರಡು ಸದ್ದು ಕೂಡಿದರೆ, ಅವುಗಳ ವ್ಯತ್ಯಾಸ ಎಷ್ಟೋ ಅಷ್ಟು ಸಲ ಸದ್ದು ಏರಿ ಇಳಿಯುತ್ತದೆ. ನೂರರಲ್ಲಿ 96 ಕಳೆದರೆ ನಾಲ್ಕು. ಮೋಟಾರ್ ಹಾಕಿ ಗಡಿಯಾರ ಹಿಡಿದು ಎಣಿಸಿದೆ: ಸೆಕೆಂಡಿಗೆ ನಾಲ್ಕೇ ಏರಿಳಿತ! ಒಬ್ಬನೇ ಇದ್ದರೂ ಜೋರಾಗಿ ಕೂಗಿಬಿಟ್ಟೆ. ಒಳಗಿನಿಂದ ಅಮ್ಮ ಎದ್ದು ಬಂದರು.

ದೀಪದ ಗುಂಯ್ ಸುಲಭ, ಬ್ಯಾಟರಿಯ ಕರೆಂಟಿಗೆ ಮಿಣುಕು ಇಲ್ಲ. 12 ವೋಲ್ಟ್ ಬ್ಯಾಟರಿ, ನಡುವೆ ಮುಕ್ಕಾಲು ಓಮಿನ ದಪ್ಪ ರೆಸಿಸ್ಟರ್. ಆದರೆ 9 ವೋಲ್ಟ್ 4 ಆಂಪಿಯರ್ ಲ್ಯಾಂಪ್ ತರಿಸುವುದೇ ಒಂದು ಶಿಕ್ಷೆ. ಮೊದಲ ಸಲ ಅಂಗಡಿಯವರು ಬೇರೆಯೇ ಬುಡದ್ದು ಕಳಿಸಿದರು. ಎರಡನೇ ಸಲ ಒಂದು ಹಾಳೆ ಪೇಪರಿನಲ್ಲಿ ಸುತ್ತಿ ಕಳಿಸಿದರು, ಬಿಚ್ಚಿದಾಗ ಗಾಜಿನ ಪುಡಿ. ಮೂರನೆಯದರ ಫಿಲಮೆಂಟ್ ಓರೆ. ದುಡ್ಡು ವಾಪಸ್ ಕೇಳಿದರೆ ಫೋನೇ ಎತ್ತುವುದಿಲ್ಲ.

ಉಳಿದದ್ದು 96. ಬೆಳಕಿನ ಗೆರೆ ಶಬ್ದದ ಪಟ್ಟಿಯ ಮೇಲೆ ಮಾತ್ರ ಬೀಳಬೇಕು, ಆಚೆಯ ತೂತುಗಳ ಮೇಲೆ ಅಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಪ್ರತಿ ತೂತು ದಾಟುವಾಗ ಅದರ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಬೆಳಕು ಮಿನುಗುತ್ತಿತ್ತು. ಹಳೆ ಫಿಲ್ಮು ಕುಗ್ಗಿದೆ, ಗೈಡ್ ರೋಲರಿನ ಸ್ಪ್ರಿಂಗ್ ಸತ್ತಿದೆ, ರೀಲು ಒಂದು ಕೂದಲೆಳೆ ಪಕ್ಕಕ್ಕೆ ಸರಿದು ಓಡುತ್ತಿದೆ. ಕೆಟ್ಟ ಟೇಪ್ ರೆಕಾರ್ಡರಿನಿಂದ ಸ್ಪ್ರಿಂಗ್ ಕಿತ್ತು ಹಾಕಿ, ರೋಲರನ್ನು ಕಾಲು ಸುತ್ತು ಒಳಗೆ ತಿರುಗಿಸಿದೆ.

ಲತಾ ನಿಲ್ಲಿಸಿದರು. ಸಣ್ಣಗೆ ‘ಸುಯ್’. ಆಚೆ ಹಂಚಿನ ಮೇಲೆ ಆಟಿಯ ಮಳೆ. ಮತ್ತೇನೂ ಇಲ್ಲ.

ಈ ಸಿನಿಮಾವನ್ನು ಎಲ್ಲರೂ ಬೈಯುತ್ತಾರೆ. ಹಾಡು ಬರೆದ ಜಾನ್ ನಿಸಾರ್ ಅಖ್ತರ್ 1976ರಲ್ಲೇ ತೀರಿಕೊಂಡರು, ಸಿನಿಮಾ ಬಂದದ್ದು 1983ರಲ್ಲಿ. ಅಷ್ಟು ವರ್ಷದ ಕನಸು ಅದು. ಹೇಮಾ ಮಾಲಿನಿ, ಧರ್ಮೇಂದ್ರ, ಪರ್ವೀನ್ ಬಾಬಿ, ಎಲ್ಲ ದೊಡ್ಡ ಹೆಸರುಗಳೇ. ಆದರೆ ಆಫ್ರಿಕಾ ಮೂಲದ ಯಾಕೂತ್‌ನ ಪಾತ್ರಕ್ಕೆ ಧರ್ಮೇಂದ್ರರ ಮುಖಕ್ಕೆ ಕಪ್ಪು ಬಳಿದದ್ದು ದೊಡ್ಡ ತಪ್ಪು, ನೋಡುವಾಗ ಕಸಿವಿಸಿಯಾಗುತ್ತದೆ. ಅದೇ ಯಾಕೂತ್‌ನ ಹಾಡಿಗೆ ಖಯ್ಯಾಮ್ ಆರಿಸಿದ್ದು ರೇಡಿಯೋ ಉದ್ಘೋಷಕ ಕಬ್ಬನ್ ಮಿರ್ಜಾ ಅವರನ್ನು. ಎಂಥ ಸ್ವರ! ನಮ್ಮ ತಾಳಮದ್ದಳೆಯಲ್ಲಿ ಬಿಳಿ ಪಂಚೆಯುಟ್ಟು ಕೂತ ಅರ್ಥಧಾರಿ ಬರೀ ಮಾತಿನಲ್ಲೇ ಕರ್ಣನಾಗುತ್ತಾರಲ್ಲ, ಅಂಥ ಸ್ವರ. ಅಲ್ಲಿ ಬಣ್ಣವೇ ಬೇಡ.

ತಾಳಮದ್ದಳೆ ಅಂದಾಗ ನೆನಪಾಯಿತು. ಬದಿಯಡ್ಕದಲ್ಲಿ ಮಾವನ ಅಟ್ಟದಲ್ಲಿ, ಅಡಿಕೆ ಚೀಲದ ಹಿಂದೆ, ತಾಳಮದ್ದಳೆಯ ಆರು ಸ್ಪೂಲ್ ಟೇಪು ಸಿಕ್ಕಿವೆ. ಪ್ಲೇಯರಿನ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿದೆ. ಈ ಮಳೆಗಾಲ ಮುಗಿಯುವುದರೊಳಗೆ ಅದನ್ನು ಬಿಚ್ಚಬೇಕು. ಅಂಥ ಪ್ಲೇಯರಿನ ಬೆಲ್ಟ್ ಯಾರಲ್ಲಾದರೂ ಇದ್ದರೆ ಹೇಳಿ.

ಅದಕ್ಕೆ ಮೊದಲು ಒಂದು ಕೆಲಸ ಉಂಟು. ಎರಡನೇ ಮೌನದ ನಡುವೆ ಒಂದು ಜೋಡಣೆ ಇದೆ, ಅಲ್ಲಿ ‘ಟಪ್’ ಎನ್ನುತ್ತದೆ. ಜೋಡಣೆಯ ಮೇಲೆ, ಶಬ್ದದ ಪಟ್ಟಿಗೆ ಕಪ್ಪು ಶಾಯಿಯಿಂದ ತ್ರಿಕೋನ ಬಳಿಯುವುದು ಹಳೆಯ ಕ್ರಮ. ಬೆಳಕು ಮೆಲ್ಲಗೆ ಮುಚ್ಚಿ ಮೆಲ್ಲಗೆ ತೆರೆಯುತ್ತದೆ, ಟಪ್ ಸತ್ತುಹೋಗುತ್ತದೆ. ಶಾಯಿ ತಂದಿಟ್ಟಿದ್ದೇನೆ. ಸಪೂರ ಬ್ರಶ್ ಬೇಕು, ನಾಳೆ ಪೇಟೆಗೆ ಹೋಗಬೇಕು.