ಜ್ವರ ನೋಡ್ಲಿಕ್ಕೆ ಇಷ್ಟೆಲ್ಲ ಓದ್ಬೇಕಾ?

ಬೇಕು. ನಾನು ಸೋಂಕು ರೋಗಗಳ ಡಾಕ್ಟ್ರು. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ 3, ಅದರ ಮೇಲೆ ಸೋಂಕು ರೋಗಗಳದ್ದೇ ಪದವಿ ಡಿಎಂ, ಮತ್ತೆ 3. ಕೂಡಿಸಿಕೊಳ್ಳಿ. ಇನ್ನು ಕೇಳಿದವರಿಗೆಲ್ಲ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ಕೇಳಿದ್ದಕ್ಕೆ ಬೇಸರ ಇಲ್ಲ, ಆ "ಜ್ವರ ನೋಡ್ಲಿಕ್ಕೆ" ಅನ್ನುವ ರಾಗ ಉಂಟಲ್ಲ, ಅದಕ್ಕೆ. ಹಾರ್ಟಿನ ಡಾಕ್ಟ್ರ ಹತ್ತಿರ ಯಾರೂ ಹೀಗೆ ಕೇಳುವುದಿಲ್ಲ.

ಬದಿಯಡ್ಕದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತ ದೂರದ ಸಂಬಂಧದ ಮಾವನೂ ಅದನ್ನೇ ಕೇಳಿದರು. ಮದ್ದಿಗೆ ಬಗ್ಗದ ಸೋಂಕು ನೋಡುವುದು ಮಾವ, ಅಂದೆ. ಅವರಿಗೆ ಖುಷಿಯೋ ಖುಷಿ. "ನಂಗೂ ಹಾಗೇ ಮಾರಾಯ, ಮೈಗೆ ಮದ್ದು ಒಗ್ಗಿಹೋಗಿದೆ" ಅಂತ ಎಡಗೈಯಲ್ಲಿ ಶರ್ಟಿನ ಕಿಸೆಯಿಂದ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ಕಿನ ಸ್ಟ್ರಿಪ್ ತೆಗೆದರು. ಐದರಲ್ಲಿ ಎರಡು ಉಳಿದಿತ್ತು. ಮೂರು ಈ ಶೀತಕ್ಕಂತೆ, ಎರಡು ಮುಂದಿನ ಶೀತಕ್ಕೆ. ಹಿಂದೆ ಕೆಂಪು ಗೆರೆ ಎದ್ದು ಕಾಣುತ್ತಿತ್ತು. ಡಾಕ್ಟ್ರ ಚೀಟಿ ಇಲ್ಲದೆ ಮುಟ್ಟಬೇಡಿ ಅಂತ ಅದರರ್ಥ. ಮಾವ ಅದನ್ನು ಡಿಸೈನ್ ಅಂದುಕೊಂಡಿದ್ದರು.

ಒಗ್ಗುವುದು ನಿಮ್ಮ ಮೈಗಲ್ಲ, ಬ್ಯಾಕ್ಟೀರಿಯಾಕ್ಕೆ. ಶೀತ ವೈರಸ್ಸಿನದ್ದು, ಆ ಮಾತ್ರೆಗೂ ಅದಕ್ಕೂ ಸಂಬಂಧವೇ ಇಲ್ಲ. ಹೊಟ್ಟೆಯಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳಲ್ಲಿ ಬಡಪಾಯಿಗಳು ಸತ್ತು ಗಟ್ಟಿಗರು ಉಳಿಯುತ್ತಾರೆ, ಅಷ್ಟೇ. ಇಷ್ಟು ಹೇಳುವಾಗ ಪಾಯಸ ಬಂತು.

"ರಿಪೋರ್ಟಲ್ಲಿ ಪೂರ್ತಿ ಆರ್ ಬಂದ್ರೆ ಎಂತ ಮಾಡ್ತೀ?" ಅಂತ ಯಾರಾದರೂ ಕೇಳಬಾರದಾ? ಕಲ್ಚರ್ ಅಂದ್ರೆ ರೋಗಿಯ ಬ್ಯಾಕ್ಟೀರಿಯಾವನ್ನು ಲ್ಯಾಬಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಅದರ ರಿಪೋರ್ಟಲ್ಲಿ ಮದ್ದುಗಳ ಹೆಸರು ಸಾಲಾಗಿ ಇರುತ್ತದೆ. ಎದುರಿಗೆ ಎಸ್ ಇದ್ದರೆ ಮದ್ದು ನಾಟುತ್ತದೆ, ಆರ್ ಇದ್ದರೆ ಇಲ್ಲ. ಐಸಿಯು ರೋಗಿಯಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆದಾಗ ಕೆಲವೊಮ್ಮೆ ಮೆರೋಪೆನೆಮ್‌ನಂಥ ಜೋರು ಆಂಟಿಬಯಾಟಿಕ್ ಎದುರಿಗೂ ಆರ್. ಆಗ ಕೊಲಿಸ್ಟಿನ್ನೇ ಗತಿ ಅನ್ನುವ ದಿನಗಳೂ ಉಂಟು. ಕಿಡ್ನಿ ಹಾಳು ಮಾಡುತ್ತದೆ ಅಂತ ಹಿಂದಿನವರು ಮೂಲೆಗೆ ಸರಿಸಿದ್ದ ಮದ್ದು ಅದು. ಅದನ್ನು ಹಾಕಿ, ದಿನಾ ಬೆಳಿಗ್ಗೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟು ಬಂತು ಅಂತ ಲ್ಯಾಬಿಗೆ ಫೋನು ಮಾಡುತ್ತಾ ಕೂರುವುದು ನನ್ನ ಕೆಲಸ. ಸೋಂಕು ಮೊದಲು ಇಳಿಯುತ್ತದಾ, ಕಿಡ್ನಿ ಮೊದಲು ಹೋಗುತ್ತದಾ? ಹೊರಗೆ ಮನೆಯವರು "ಇದಕ್ಕಿಂತ ಸ್ಟ್ರಾಂಗ್ ಇಲ್ವಾ ಡಾಕ್ಟ್ರೇ, ಎಷ್ಟಾದ್ರೂ ಕೊಡ್ತೇವೆ" ಅನ್ನುತ್ತಾರೆ. ಇದೇ ಕೊಲಿಸ್ಟಿನ್ ಅನ್ನು 2019ರಲ್ಲಿ ಸರಕಾರ ನಿಷೇಧಿಸುವವರೆಗೆ ಕೋಳಿ ದಪ್ಪ ಆಗಲಿ ಅಂತ ಫಾರ್ಮುಗಳಲ್ಲಿ ತಿನ್ನಿಸುತ್ತಿದ್ದರು, ಗೊತ್ತಾ?

ಕೈ ತೊಳೆಯುವಲ್ಲಿ ಮಾವ ಮತ್ತೆ ಸಿಕ್ಕಿದರು. ಈ ಸಲ ದನಿ ತಗ್ಗಿಸಿ ಕೇಳಿದರು.

"ಅಲ್ಲ, ಈ ಎರಡು ಅತ್ತೆಗೆ ಕೊಡಬಹುದಾ?"