ಟೈಮ್ ಎಲ್ಲಿಂದ ಬರತ್ತೆ ಅಕ್ಕಾ?

ಫೋನಿಂದ ಇನ್‌ಸ್ಟಾಗ್ರಾಂ ತೆಗೆದುಹಾಕಿ ಕೈಯಲ್ಲಿ ಡೈರಿ ಬರೀತಿದೀನಿ ಅಂತ ಗೊತ್ತಾದವರೆಲ್ಲ ಕೇಳೋದು ಇದನ್ನೇ, ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ದಿನಾ ಹೋಗಿಬಂದು ಮನೆ ಅಡುಗೆ ಎಲ್ಲ ನೋಡ್ಕೊಂಡು ಬರೆಯೋಕೆ ಟೈಮ್ ಎಲ್ಲಿಂದ ಬರತ್ತೆ ಅಕ್ಕಾ? ಟ್ರೇನಲ್ಲಿ ಬರೀತೀರಾ ಅಂತಾನೂ ಕೇಳ್ತಾರೆ. ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಾ ಒಂದ್ಸಲ ಹತ್ತಿದವರು ಇದನ್ನ ಕೇಳಲ್ಲ ಬಿಡಿ, ಅಲ್ಲಿ ಮೂಗು ಕೆರ್ಕೊಳ್ಳೋಕೂ ಕೈ ಮೇಲೆ ಬರಲ್ಲ.

ನಮ್ಮನೆಗೆ ನೀರು ಬರೋದು ಬೆಳಿಗ್ಗೆ ಐದೂವರೆ ಹೊತ್ತಿಗೆ. ಡ್ರಮ್ಮು ಬಕೆಟ್ಟು ತುಂಬೋತನಕ ಎಲ್ಲೂ ಹೋಗೋ ಹಾಗಿಲ್ಲ, ನಲ್ಲಿ ಬಿಟ್ಟು ಮಲಗೋ ಹಾಗೂ ಇಲ್ಲ. ಮುಂಚೆ ಅಷ್ಟೂ ಹೊತ್ತು ರೀಲ್ಸಿಗೆ ಹೋಗ್ತಿತ್ತು, ಈಗ ಅಡುಗೆಕಟ್ಟೆ ಮೇಲೆ ನೋಟ್‌ಬುಕ್ ಇಟ್ಕೊಂಡು ನಿಂತೇ ಬರೀತೀನಿ. ಹೊಸ ಟೈಮ್ ಎಲ್ಲೂ ಹುಟ್ಟಿಲ್ಲ.

ಟಿಕ್‌ಟಾಕ್ ಬ್ಯಾನ್ ಆಗಿ ಹತ್ತು ದಿನದೊಳಗೆ, 2020ರ ಜುಲೈನಲ್ಲಿ, ನಮ್ಮ ದೇಶಕ್ಕೆ ರೀಲ್ಸ್ ಬಂತು ನೋಡಿ, ಜನ ಜಾಸ್ತಿ ದಿನ ಖಾಲಿ ಕೂರಲಿಲ್ಲ. ಆದ್ರೆ ಅದರ ಬೇರು ಇನ್ನೂ ಹಳೇದು. 2006ರಲ್ಲಿ ಆಜಾ ರಾಸ್ಕಿನ್ ಅನ್ನೋ ಡಿಸೈನರ್ ಈ ಮುಗಿಯದ ಸ್ಕ್ರೋಲ್ ಮಾಡಿದ್ದು. ಅದಕ್ಕೂ ಮುಂಚೆ ಪೇಜಿನ ಕೆಳಗೆ 'ನೆಕ್ಸ್ಟ್' ಒತ್ತಬೇಕಿತ್ತಲ್ಲ, ಆ ಗ್ಯಾಪಲ್ಲಿ ಸಾಕಪ್ಪಾ ಅನ್ನಿಸಿ ಏಳೋಕೆ ಒಂದು ಚಾನ್ಸ್ ಇತ್ತು, ಅದೇ ಹೋಯ್ತು. ಆಮೇಲೆ ಅವರೇ ಬೇಜಾರ್ ಮಾಡ್ಕೊಂಡ್ರು ಅನ್ನೋದು ಬೇರೆ ಮಾತು. ನೋಟ್‌ಬುಕ್ಕಲ್ಲಿ ಹಾಳೆ ಮುಗಿಯತ್ತೆ, ಕೈ ನೋಯತ್ತೆ, ನಿಲ್ಲಿಸ್ತೀನಿ. ನನಗೆ ಬೇಕಿದ್ದಿದ್ದು ಅದೇ.

ಏನು ಬರೀತೀರಿ, ಭಾವನೆಗಳಾ? ಅಯ್ಯೋ ಇಲ್ಲಪ್ಪ. ಹೋದ ವಾರದ್ದು ಹೀಗಿದೆ: "ನೀರು ಲೇಟು. ಮೆಂತ್ಯ ಜೂಡಿ 20. ಅತ್ತೆ ಫೋನ್ ಮಾಡಿದ್ರು, ಮಂಡಿನೋವು ಅಂತ ಹೇಳಲಿಲ್ಲ, ಆದ್ರೆ ಮೆಟ್ಟಿಲ ವಿಷಯ ಎರಡು ಸಲ ತೆಗೆದ್ರು." ಫೋನಲ್ಲಿ ಮಾತಾಡುವಾಗ ನನಗೆ ಇದು ಹೊಳೆದೇ ಇರಲಿಲ್ಲ, ಬರೆಯುವಾಗ ಹೊಳೀತು, ಯಾಕಂದ್ರೆ ಕೈ ನಿಧಾನ, ಅಷ್ಟರಲ್ಲಿ ತಲೆ ಹಿಂದಕ್ಕೆ ಹೋಗಿ ಬರತ್ತೆ.

ಬರೆದ್ರೆ ನೆಮ್ಮದಿ ಸಿಗತ್ತಾ ಅಂದ್ರೆ, ತಕ್ಷಣಕ್ಕೆ ಅಂತ ನಾನು ಹೇಳಲ್ಲ. ಅಮೆರಿಕದ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಕೈಲಿ ದಿನಕ್ಕೆ 15 ನಿಮಿಷದಂತೆ 4 ದಿನ ಮನಸ್ಸಿನ ಗಾಯಗಳ ಬಗ್ಗೆ ಬರೆಸಿದ್ರು, 1986ರಲ್ಲಿ ಅದು ಪ್ರಿಂಟಾಯ್ತು. ಬರೆದ ಕೂಡಲೇ ಅವರ ಮೂಡ್ ಕೆಟ್ಟಿತ್ತು, ಆಮೇಲಿನ ತಿಂಗಳುಗಳಲ್ಲಿ ಮಾತ್ರ ಡಾಕ್ಟರ್ ಹತ್ರ ಹೋಗೋದು ಕಮ್ಮಿ ಆಯ್ತು. ಹಾಗಾಗಿ ಮೊದಲ ದಿನಾನೇ ಅಳು ಬಂದ್ರೆ ಬುಕ್ ಬಿಸಾಕಬೇಡಿ.

ವಾಟ್ಸಾಪ್ ಬಿಟ್ಟಿಲ್ಲ, ಸೊಸೈಟಿ ಗ್ರೂಪು ಸ್ಕೂಲ್ ಗ್ರೂಪು ಬಿಡೋಕಾಗಲ್ಲ. ಇನ್‌ಸ್ಟಾ ಭಾನುವಾರ ಲ್ಯಾಪ್‌ಟಾಪಲ್ಲಿ, ಅದೂ ನೆನಪಾದ್ರೆ. ಬುಕ್ಕು ಕ್ರಾಫರ್ಡ್ ಮಾರ್ಕೆಟ್ ಹತ್ರ ಅಬ್ದುಲ್ ರೆಹಮಾನ್ ಸ್ಟ್ರೀಟಲ್ಲಿ ತಗೊಳ್ಳಿ, ಚರ್ಮದ ಹೊದಿಕೆ ಗಿದಿಕೆ ಬೇಡ. ಇಂಕ್ ಪೆನ್ ಚಂದವೇ, ಆದ್ರೆ ಇಲ್ಲಿಯ ಮಳೆಗಾಲದಲ್ಲಿ ಹಾಳೆ ತೇವ ಹಿಡಿದು ಒತ್ತಕ್ಷರ ಎಲ್ಲ ಹರಡ್ಕೊಳ್ಳತ್ತೆ, ಜೂನಿಂದ ಸೆಪ್ಟೆಂಬರ್‌ವರೆಗೆ ಬಾಲ್‌ಪೆನ್ನೇ ಸರಿ.

ಯಾರಾದ್ರೂ ಓದಿಬಿಟ್ರೆ? ಯಜಮಾನರು ಹುಟ್ಟಿ ಬೆಳೆದಿದ್ದು ಇಲ್ಲೇ, ಮನೇಲಿ ಕನ್ನಡ ಮಾತಾಡ್ತಾರೆ, ಓದೋದು ಮರಾಠಿ. ಇಷ್ಟು ದಿನ ಬೀಗದ ಚಿಂತೆನೇ ಇರಲಿಲ್ಲ. ಮಗಳು ಈಗ ಭಾನುವಾರದ ಕನ್ನಡ ಕ್ಲಾಸಿಗೆ ಹೋಗ್ತಿದಾಳೆ, ಕಾಗುಣಿತ ಮುಗಿದು ಒತ್ತಕ್ಷರ ಶುರುವಾಗಿದೆಯಂತೆ, ದೀಪಾವಳಿಯೊಳಗೆ ಏನಾದ್ರೂ ವ್ಯವಸ್ಥೆ ಮಾಡ್ಬೇಕು.