ಮೊದಲು ಗುರುತು, ಆಮೇಲೆ ಟವೆಲ್

ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ತನ್ನ ಶಿಷ್ಯರ ಪಾದ ತೊಳೆದ. ಅದರ ನೆನಪಿಗೆ ಪವಿತ್ರ ಗುರುವಾರದ ಸಂಜೆ ಚರ್ಚಿನಲ್ಲಿ ಪಾದ ತೊಳೆಸಿಕೊಳ್ಳಲು ಆಯ್ಕೆಯಾದವರು ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿಕೊಂಡು ಬರುತ್ತಾರೆ. ಕೊಳಕು ಕಾಲು ತೋರಿಸಲು ಯಾರಿಗಾದರೂ ನಾಚಿಕೆಯೇ. ಯೇಸುವೇ ತನ್ನ ಕಾಲು ತೊಳೆಯುವುದು ಬೇಡವೆಂದು ಶಿಷ್ಯ ಪೇತ್ರ ತಡೆದದ್ದೂ ಸಂಕೋಚದಿಂದಲೇ.

ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಟವೆಲ್ ಬರುವುದು 4ನೇ ವಚನದಲ್ಲಿ. ಅದಕ್ಕೂ ಮುಂಚೆ, 3ನೇ ವಚನದಲ್ಲೇ, ತಾನು ದೇವರಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂದು ಯೇಸುವಿಗೆ ತಿಳಿದಿತ್ತು ಎಂದಿದೆ. ತಾನು ಯಾರೆಂಬುದು ಗಟ್ಟಿಯಿದ್ದವನು ನೆಲಕ್ಕೆ ಬಗ್ಗಿದ. 'ನನ್ನಿಂದೇನಾಗುತ್ತೆ, ನಾನ್ಯಾವ ಲೆಕ್ಕ' ಎನ್ನುತ್ತಾ ಕೂರುವುದನ್ನು ನಾವು ದೀನತೆ ಅಂದುಕೊಂಡಿದ್ದೇವೆ. ಅಲ್ಲೂ ಕಣ್ಣೆಲ್ಲ ನಮ್ಮ ಮೇಲೆಯೇ ಇರುತ್ತದೆ. ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದ ಎದ್ದು ಹೋಗುವುದು 30ನೇ ವಚನದಲ್ಲಿ. ಅಂದರೆ ಅವನ ಕಾಲೂ ತೊಳೆಯಲಾಗಿತ್ತು.

ಬೆಂಗಳೂರಲ್ಲಿ ಪರಿಚಯವಾದ ಕೂಡಲೇ ಯಾವೂರು, ಯಾವ ಕಂಪನಿ, ಸ್ವಂತ ಮನೆನಾ ಎಂದು ಕೇಳುತ್ತಾರೆ. ಚರ್ಚಿನಲ್ಲೂ ಕನ್ನಡ ಪೂಜೆಯವರು, ತಮಿಳು ಪೂಜೆಯವರು, ಇಂಗ್ಲಿಷ್ ಪೂಜೆಯವರು. ಈ ಗುರುತುಗಳು ಸುಳ್ಳಲ್ಲ, ಆದರೆ ಕೆಲಸ ಹೋದ ತಿಂಗಳೇ ಅಲುಗಾಡುತ್ತವೆ. ಜ್ಞಾನಸ್ನಾನದಲ್ಲಿ, ಅಂದರೆ ಕ್ರೈಸ್ತರಾಗುವ ದೀಕ್ಷೆಯಲ್ಲಿ, ಸಿಕ್ಕಿದ ದೇವರ ಮಕ್ಕಳೆಂಬ ಗುರುತು ನಾವು ದುಡಿದು ಗಳಿಸಿದ್ದಲ್ಲ, ಹಾಗಾಗಿ ಕಳೆದುಹೋಗುವ ಭಯವೂ ಇಲ್ಲ.

ಧರ್ಮಕೇಂದ್ರದಲ್ಲಿ, ಅಂದರೆ ಊರಿನ ಚರ್ಚಿನಲ್ಲಿ, ಪಾದ ತೊಳೆಯುವ ಏರ್ಪಾಡು ಮಾಡುವವರಿಗೆ ಒಂದೆರಡು ಮಾತು. ಹನ್ನೆರಡೇ ಜನ ಇರಬೇಕೆಂದು ಪೂಜಾವಿಧಿ ಹೇಳುವುದಿಲ್ಲ. 2016ರ ಜನವರಿಯಿಂದ ಹೆಂಗಸರನ್ನೂ ಸೇರಿಸಬಹುದು. ಪಾಲನಾ ಮಂಡಳಿಯವರೇ ಪ್ರತಿವರ್ಷ ಕೂರುವುದು ಬೇಡ. ಚರ್ಚು ಗುಡಿಸುವವರನ್ನು, ವಾಚ್‌ಮ್ಯಾನನ್ನು ಕರೆಯಿರಿ, ಆದರೆ ವಾರದ ಮುಂಚೆಯೇ ಕೇಳಿ ಒಪ್ಪಿಸಿ. ಹೊತ್ತಿಗೆ ಸರಿಯಾಗಿ ಹಿಡಿದು ಕೂರಿಸಿದರೆ ಅದು ಅವಮಾನ. ಒಬ್ಬರಿಗೆ ಕಾಲು ಲೀಟರ್ ನೀರು ಸಾಕು, ಹನ್ನೆರಡು ಜನಕ್ಕೆ ಮೂರು ಲೀಟರ್. ಉಗುರುಬೆಚ್ಚಗಿರಲಿ. ಬೇಸಿನ್ ಅಗಲವಾಗಿರಲಿ, ಇಲ್ಲದಿದ್ದರೆ ಗ್ರಾನೈಟ್ ನೆಲದ ಮೇಲೆ ನೀರು ಚೆಲ್ಲಿ ಯಾರಾದರೂ ಜಾರುತ್ತಾರೆ. ತಲೆಗೊಂದು ಹತ್ತಿ ಟವೆಲ್ ಇಡಿ. ಎಲ್ಲರೂ ಚಪ್ಪಲಿಯಲ್ಲಿ ಬರಲಿ, ಶೂ ಲೇಸ್ ಬಿಚ್ಚುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಕಾಲು ತೊಳೆಯುವ, ಮಂಡಿನೋವಿರುವ ಪಾದ್ರಿಗಳಿಗೆ ಒಂದು ಮಣೆ ಕೊಡಿ.

ಮನೆಯಲ್ಲಿ ಮಾಡುವುದಾದರೆ ಇನ್ನೂ ಕಷ್ಟ. ನಮ್ಮಲ್ಲಿ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ, ಹೆಣ್ಣಿನ ಕಡೆಯವರು ಅಳಿಯನ ಕಾಲು ತೊಳೆಯುತ್ತಾರೆ. ಇಲ್ಲಿ ಅಪ್ಪ ಮಗನ ಮುಂದೆ, ಅತ್ತೆ ಸೊಸೆಯ ಮುಂದೆ ಮಣೆ ಹಾಕಿ ಕೂರಬೇಕು. 'ಅಯ್ಯೋ, ಬೇಡ ಅತ್ತೆ' ಎಂದು ಸೊಸೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಒತ್ತಾಯ ಮಾಡಬೇಡಿ, ಬೋಧನೆಯೂ ಬೇಡ. ಬೇಸಿನ್ ಅಲ್ಲೇ ಇರಲಿ, ಚೊಂಬು ಕೈಯಲ್ಲೇ ಇರಲಿ, ಆಕೆ ತಾನಾಗಿ ಕಾಲು ಮುಂದೆ ಇಡುವ ತನಕ ಕಾಯಿರಿ.